ಗದ್ದಲದ ರಾಶಿ

ಬೀದಿಯವರು ಅವಳನ್ನು ಬಾವಲಿಯಕ್ಕ ಎಂದು ಕರೆಯುತ್ತಾರೆ. ಅವಳು ಬಾವಲಿ ಸಾಕಿದವಳಲ್ಲ, ಹಿಡಿದವಳೂ ಅಲ್ಲ. ಹತ್ತಿರದಿಂದ ನೋಡಿದ್ದೇ ಒಂದು ಸಲ, ಅದೂ ತಂತಿಗೆ ಸಿಕ್ಕಿ ಸತ್ತದ್ದನ್ನು. ಆದರೂ ಯಾರ ಮನೆಯೊಳಗೆ ಬಾವಲಿ ನುಗ್ಗಿದರೂ ಕರೆ ಅವಳಿಗೇ. "ಅಕ್ಕಾ, ನಿಮ್ಮ ನೆಂಟರು ಬಂದಿದಾರೆ, ಬಂದು ಕರ್ಕೊಂಡ್ಹೋಗಿ" ಅನ್ನುತ್ತಾರೆ. ದೀಪ ಆರಿಸಿ ಕಿಟಕಿ ತೆರೆದಿಡಿ, ಬಂದ ದಾರಿಯಲ್ಲೇ ಹೋಗುತ್ತದೆ ಎಂದು ಅವಳು ಫೋನಿನಲ್ಲೇ ಹೇಳಿ ಮುಗಿಸುತ್ತಾಳೆ.

ಅವಳ ಕೆಲಸ ಬಾವಲಿಗಳ ಕೂಗನ್ನು ವಿಂಗಡಿಸುವುದು. ಸೇತುವೆ ಕೆಳಗೆ, ಮರದ ಮೇಲೆ, ಪಾಳುಬಿದ್ದ ಕಟ್ಟಡಗಳ ಸೂರಿನಲ್ಲಿ, ಪ್ರಾಣಿ ಸಮೀಕ್ಷೆ ಮಾಡುವ ಅವಳ ಆಫೀಸಿನವರು ಪುಟ್ಟ ಡಬ್ಬಿಗಳನ್ನು ಕಟ್ಟಿ ಬರುತ್ತಾರೆ. ಮನುಷ್ಯರ ಕಿವಿಗೆ ಎಟುಕದಷ್ಟು ಕೀರಲು ದನಿಗಳನ್ನು ಆ ಡಬ್ಬಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಸಾಫ್ಟ್‌ವೇರ್ ಅದನ್ನು ಪರದೆಯ ಮೇಲೆ ಗೀರುಗಳಾಗಿ ಬಿಡಿಸುತ್ತದೆ. ಒಂದೊಂದು ಜಾತಿಯ ಬಾವಲಿಗೆ ಒಂದೊಂದು ಗೀರು: ಒಂದರದು ಕುಡುಗೋಲಿನ ಹಾಗೆ ಬಾಗಿರುತ್ತದೆ, ಇನ್ನೊಂದರದು ಹಾಕಿ ಆಟದ ಕೋಲಿನ ಹಾಗೆ ತುದಿಯಲ್ಲಿ ಮಡಚಿಕೊಂಡಿರುತ್ತದೆ. ಗೀರು ನೋಡಿ ಸಾಫ್ಟ್‌ವೇರ್ ಎಲ್ಲವನ್ನೂ ಮೂರು ರಾಶಿ ಮಾಡುತ್ತದೆ. ಬಾವಲಿಯಕ್ಕ ಅವಕ್ಕೆ ಹೆಸರಿಟ್ಟಿದ್ದಾಳೆ: ಬಾವಲಿ, ಅನುಮಾನ, ಗದ್ದಲ. ಬಾವಲಿಯ ರಾಶಿಯನ್ನು ಅವಳು ಒಮ್ಮೆ ಕಣ್ಣಾಡಿಸಿ ಒಪ್ಪುತ್ತಾಳೆ. ಅನುಮಾನದ ರಾಶಿಯನ್ನು ಹತ್ತು ಪಟ್ಟು ನಿಧಾನ ಮಾಡಿ, ಕಿವಿಗೆ ಕೇಳುವಂತೆ ಮಾಡಿಕೊಂಡು, ಒಂದೊಂದನ್ನೇ ಆಲಿಸುತ್ತಾಳೆ. ಗದ್ದಲದ ರಾಶಿ ಎಂದರೆ ಎಲೆಯ ಸದ್ದು, ಹುಳುವಿನ ಸದ್ದು, ಮಳೆ. ಅದು ಕಸಕ್ಕೆ.

ಕೆಲಸ ನಡೆಯುವುದು ಅಡುಗೆಮನೆಯ ಮೇಜಿನ ಮೇಲೆ. ಮನೆಯಲ್ಲಿರುವುದು ಅದೊಂದೇ ಮೇಜು. ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಮೂಲೆಯಲ್ಲಿ ತರಕಾರಿ ಹೆಚ್ಚುವ ಮಣೆ, ನಡುವೆ ಮಗಳ ಪುಸ್ತಕ. ಗಂಡ ಲಿಫ್ಟ್ ರಿಪೇರಿ ಮಾಡುವವನು; ಅವನ ಜೇಬಿನಿಂದ ಉದುರಿದ ನಟ್ಟು ಬೋಲ್ಟುಗಳಿಗೂ ಆ ಮೇಜೇ ಗತಿ. ಕೂತರೆ ನೌಕರಿ, ಎದ್ದರೆ ಚಾಕರಿ. ಆದರೆ ಮನೆಯವರ ಕಣ್ಣಿಗೆ ಇದು ತಿರುವುಮುರುವಾಗಿ ಕಾಣುತ್ತದೆ. ಅವಳು ಎದ್ದು ಓಡಾಡುತ್ತಿದ್ದರೆ ಕೆಲಸದಲ್ಲಿದ್ದಾಳೆ ಎಂದು ಯಾರೂ ಮಾತನಾಡಿಸುವುದಿಲ್ಲ. ಕೂತಳೆಂದರೆ ಬಿಡುವಾಗಿದ್ದಾಳೆ ಎಂದು ಲೆಕ್ಕ. "ಹೇಗೂ ಕೂತಿದ್ದೀಯಲ್ಲ, ಇದೊಂದು ಗುಂಡಿ ಹೊಲಿದುಕೊಡು" ಎಂದು ಗಂಡ ಅಂಗಿಯನ್ನು ಅವಳ ಕೀಲಿಮಣೆಯ ಮೇಲೇ ಇಡುತ್ತಾನೆ.

ಪ್ರಾಣಿಶಾಸ್ತ್ರದಲ್ಲಿ ಪದವಿ ಮಾಡಿದ್ದಳು. ಅದಾದ ಮೇಲೆ ಮದುವೆ, ಮಗಳು, ಹಾಸಿಗೆ ಹಿಡಿದ ಮಾವ. ಮಾವ ತೀರಿಕೊಂಡ ಮೇಲೆ ಒಂದು ದಿನ ಹಳೆಯ ಪ್ರಮಾಣಪತ್ರಗಳ ಧೂಳು ಕೊಡವಿ ಅರ್ಜಿ ಹಾಕಿದಳು. ಆಫೀಸಿನ ಮುಖ್ಯಸ್ಥೆ ಅವಳನ್ನು ಸೇರಿಸಿಕೊಂಡು, "ಮನೇಲೇ ಕೂತು ಮಾಡಿ, ನಿಮಗೂ ಅನುಕೂಲ" ಎಂದರು. ಯಾರ ಅನುಕೂಲ ಎಂದು ಆಗ ಅವಳು ಕೇಳಲಿಲ್ಲ. ಆಫೀಸಿನಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ದೀಪದ ಖರ್ಚು ಉಳಿಯಿತು. ಮನೆಯಲ್ಲಿ ಒಬ್ಬ ಆಳಿನ ಖರ್ಚು ಉಳಿಯಿತು. ಅನುಕೂಲವಾದದ್ದಂತೂ ನಿಜ.

ಅತ್ತೆಯ ವಿಷಯ ಹೇಳಲೇಬೇಕು. ಅತ್ತೆ ಬೈಯುವವರಲ್ಲ, ಕೂಗಾಡುವವರೂ ಅಲ್ಲ. ಲೊಚಗುಟ್ಟುತ್ತಾರೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಫಟ್ಟನೆ ಬಿಟ್ಟು, ಎರಡು ಸಲ: ಲೊಚ್ ಲೊಚ್. ಒಲೆಯ ಉರಿ ಹೆಚ್ಚಾದರೆ ಲೊಚ್ ಲೊಚ್. ನಲ್ಲಿ ಪೂರ್ತಿ ತಿರುಗಿಸದಿದ್ದರೆ ಲೊಚ್ ಲೊಚ್. ಸೊಸೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ, ಕೇಳುವುದಿಲ್ಲ ಎಂದು ಗೊತ್ತಿದ್ದೂ, ಇನ್ನೂ ಸ್ವಲ್ಪ ಜೋರಾಗಿ ಲೊಚ್ ಲೊಚ್. ಮನೆಯವರಿಗೆ ಅದು ಗಡಿಯಾರದ ಟಿಕ್‌ಟಿಕ್ಕಿನಷ್ಟು ರೂಢಿಯಾಗಿದೆ. ಈಗ ಯಾರ ಕಿವಿಗೂ ಬೀಳುವುದಿಲ್ಲ.

ಈಚೆಗೆ ಆಫೀಸು ದೊಡ್ಡ ಕಟ್ಟಡಕ್ಕೆ ಹೋಯಿತು. ಮುಖ್ಯಸ್ಥೆ ಫೋನ್ ಮಾಡಿ, "ಕಿಟಕಿ ಪಕ್ಕ ಒಂದು ಜಾಗ ಇದೆ. ನಿಮಗೇ ಅಂತ ಇಟ್ಟಿದ್ದೀನಿ. ಸುರಂಗದ ವರದಿ ಒಂದು ತಕರಾರಿಲ್ಲದೆ ಮುಗೀಲಿ, ಮೇಲಿನವರನ್ನ ಕೇಳೋಕೆ ನನಗೂ ಮುಖ ಇರುತ್ತೆ" ಎಂದರು. ಬಾವಲಿಯಕ್ಕ ಫೋನ್ ಇಟ್ಟು, ನೆಲ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದಳು. ಬಾಗಿಲಿರುವ ಕೋಣೆ, ಮೇಲೆ ಊಟದ ಕಲೆ ಇಲ್ಲದ ಮೇಜು. ಅದರಾಚೆ ಅವಳಿಗೇನೂ ಬೇಕಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಗಂಡ, "ಹೋಗು, ನಾನೇನು ಬೇಡ ಅಂತೀನಾ? ನಾನೂ ಹೆಲ್ಪ್ ಮಾಡ್ತೀನಿ" ಎಂದ.

"ಯಾರಿಗೆ ಹೆಲ್ಪ್?"

"ನಿನಗೆ."

"ತಿನ್ನೋರು ನಾಲ್ಕು ಜನ. ಹೆಲ್ಪ್ ಮಾತ್ರ ನನಗೆ" ಎಂದು ಅವಳು ನಕ್ಕಳು. ಅವನೂ ನಕ್ಕ. ಅವನಿಗೆ ಅರ್ಥವಾಗಿರಲಿಲ್ಲ.

ಸುರಂಗವೆಂದರೆ ಊರಾಚೆಯ ಹಳೆಯ ರೈಲಿನ ಸುರಂಗ. ರೈಲು ನಿಂತು ಬಹಳ ಕಾಲವಾಗಿದೆ. ಎರಡೂ ಬಾಯಿಗೆ ಗೋಡೆ ಕಟ್ಟಿ, ಒಂದು ಕಬ್ಬಿಣದ ಬಾಗಿಲಿಟ್ಟು, ಒಳಗೆ ನೀರಿನ ಪೈಪುಗಳನ್ನು ಪೇರಿಸಿಡುವ ಯೋಜನೆ ಬಂದಿತ್ತು. ಅದಕ್ಕೆ ಮುಂಚೆ, ಒಳಗೆ ಬಾವಲಿಗಳು ವಾಸವಾಗಿಲ್ಲ ಎಂದು ಆಫೀಸು ಬರೆದುಕೊಡಬೇಕು. ನಡುವೆ ಚಾವಣಿ ಕುಸಿದಿದ್ದರಿಂದ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಡಬ್ಬಿ ಕಟ್ಟುವ ಹುಡುಗಿ ಎರಡೂ ಬಾಯಿಗಳ ಬಳಿ ಡಬ್ಬಿ ನೇತುಹಾಕಿ ಬಂದಳು. "ಒಳಗಿಂದ ವಾಸನೆ ಬರುತ್ತೆ" ಎಂದಳು. ಸುರಂಗವೆಂದ ಮೇಲೆ ವಾಸನೆ ಇರುವುದೇ ಎಂದರು ಎಲ್ಲರೂ. ಸಾಫ್ಟ್‌ವೇರ್ ರಾಶಿ ಹಾಕಿತು. ಬಾವಲಿಯ ರಾಶಿಯಲ್ಲಿ ಹುಳು ಹಿಡಿಯಲು ಹಾದುಹೋದ ಒಂದೆರಡು ಸಾಧಾರಣ ಜಾತಿಗಳು, ಅನುಮಾನದ ರಾಶಿ ಬಹುತೇಕ ಖಾಲಿ, ಗದ್ದಲದ ರಾಶಿ ಬೆಟ್ಟದಷ್ಟು. ವಾಸವಾಗಿರುವ ಬಾವಲಿ ಇಲ್ಲ ಎಂದು ಅವಳು ಬರೆದು ಕಳಿಸಿದಳು. ವರದಿ ಒಪ್ಪಿಗೆಯಾಯಿತು. ಗೋಡೆ ಕಟ್ಟುವವರು ಇಟ್ಟಿಗೆ ಇಳಿಸಿದರು.

ಉಳಿದದ್ದು ಗದ್ದಲದ ರಾಶಿಯನ್ನು ಅಳಿಸಿ ಜಾಗ ಖಾಲಿ ಮಾಡುವುದು. ಅಳಿಸುವ ಮುಂಚೆ ಒಂದೆರಡನ್ನು ತೆರೆದು ಕೇಳುವುದು ಅವಳ ಪದ್ಧತಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ಲ, ಹಾಗೆ. ವರದಿ ಕಳಿಸುವ ಮುಂಚೆಯೇ ಹಿಚುಕಬೇಕಿತ್ತು. ಆ ವಾರ ಅತ್ತೆಗೆ ಜ್ವರ, ಮಗಳಿಗೆ ಪರೀಕ್ಷೆ, ಕೆಲಸದ ಮೇಲೆ ಊರೂರು ಸುತ್ತುತ್ತಿದ್ದ ಗಂಡನಿಗೆ ದಿನಾ ಕಟ್ಟಿಕೊಡಬೇಕಾದ ಬುತ್ತಿ. ಆ ಗಲಾಟೆಯಲ್ಲಿ ಅಗುಳು ಮರೆತೇ ಹೋಗಿತ್ತು.

ಅವತ್ತು ಮಧ್ಯಾಹ್ನ ಮಗಳು ಎದುರಿಗೆ ಕೂತು ಲೆಕ್ಕ ಮಾಡುತ್ತಿದ್ದಳು. ಇಯರ್‌ಫೋನ್ ಕೈಗೆ ಸಿಗದೆ ಬಾವಲಿಯಕ್ಕ ಹಾಗೇ ಲ್ಯಾಪ್‌ಟಾಪಿನಲ್ಲೇ ಹಾಕಿದಳು. ಮೊದಲನೆಯದು ಎಲೆ. ಎರಡನೆಯದು ಜೀರುಂಡೆ. ಮೂರನೆಯದನ್ನು ಹತ್ತು ಪಟ್ಟು ನಿಧಾನಿಸಿದಾಗ ಲ್ಯಾಪ್‌ಟಾಪ್ ಹೇಳಿತು: ಲೊಚ್ ಲೊಚ್. ಸ್ವಲ್ಪ ತಡೆದು, ಮತ್ತೆ ಲೊಚ್ ಲೊಚ್.

ಮಗಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು: "ಅಜ್ಜಿ ಸುರಂಗಕ್ಕೆ ಯಾವಾಗ ಹೋಗಿದ್ರಮ್ಮಾ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಗಳು ಇನ್ನೂ ನಗುತ್ತಿರುವಾಗಲೇ ತಾಯಿಯ ನಗು ನಿಂತಿತು. ಮುಂದಿನದನ್ನು ತೆರೆದಳು. ಲೊಚ್ ಲೊಚ್. ಅದರ ಮುಂದಿನದು, ನಡುವೆ ಎಲ್ಲಿಂದಲೋ ಒಂದು, ಕೊನೆಯದು. ರಾಶಿ ತುಂಬ ಅದೇ.

ಪರೀಕ್ಷೆಗೆ ಓದಿ ಮರೆತಿದ್ದ ಒಂದು ಸಾಲು ನೆನಪಾಯಿತು. ಹಣ್ಣು ತಿನ್ನುವ ಬಾವಲಿಗಳು ಸಾಮಾನ್ಯವಾಗಿ ಕತ್ತಲಲ್ಲಿ ಕಣ್ಣನ್ನೇ ನಂಬುತ್ತವೆ. ಅವುಗಳಲ್ಲಿ ಗುಹೆಯೊಳಗೆ ಇರುವ ಒಂದು ಬಗೆ ಮಾತ್ರ ನಾಲಿಗೆಯನ್ನು ಟಕ್ಕೆನ್ನಿಸಿ, ಆ ಸದ್ದು ಗೋಡೆಗೆ ತಾಗಿ ಮರಳುವುದನ್ನು ಕೇಳಿ ದಾರಿ ಹುಡುಕುತ್ತದೆ. ಟಕ್ಕು ಒಂದಲ್ಲ, ಯಾವಾಗಲೂ ಜೋಡಿ.

ಅಂದರೆ ಸುರಂಗದ ತುಂಬ ಬಾವಲಿಗಳಿವೆ. ಸಾಫ್ಟ್‌ವೇರ್ ಅವನ್ನೆಲ್ಲ ಯಾಕೆ ಕಸಕ್ಕೆ ಹಾಕಿತು? ಅನುಮಾನಕ್ಕಾದರೂ ಹಾಕಬಹುದಿತ್ತಲ್ಲ?

ಉತ್ತರ ಮನೆಯಲ್ಲೇ ಇತ್ತು. ಹಿಂದಿನ ವರ್ಷ ಈ ಸಾಫ್ಟ್‌ವೇರ್ ಬಂದಾಗ, ಯಾವುದು ಬಾವಲಿ ಯಾವುದು ಅಲ್ಲ ಎಂದು ಅದಕ್ಕೆ ಕಲಿಸಬೇಕಿತ್ತು. ಬಾವಲಿಯ ಮಾದರಿಗಳು ಆಫೀಸಿನಲ್ಲಿದ್ದವು. ಗದ್ದಲದ ಮಾದರಿಗಳನ್ನು ಇವಳೇ ಮಾಡಿಕೊಳ್ಳಬೇಕೆಂದು ಮುಖ್ಯಸ್ಥೆ ಹೇಳಿದ್ದರು. "ಗದ್ದಲಕ್ಕೇನು ಬರವಾ? ನಿಮ್ಮ ಮನೇಲೇ ಸಿಗುತ್ತೆ." ಸಿಕ್ಕಿತ್ತು. ಬೀಗದ ಕೈ ಗೊಂಚಲು, ಪ್ಲಾಸ್ಟಿಕ್ ಚೀಲ, ಸುರಿಯುವ ನಲ್ಲಿ, ತಂತಿ ಜುಂಗಿನಿಂದ ಪಾತ್ರೆ ಉಜ್ಜುವುದು, ಒಲೆ ಹಚ್ಚುವ ಲೈಟರ್, ಎಲ್ಲದಕ್ಕೂ ಕಿವಿಗೆ ಕೇಳದ ಒಂದು ಚೀರಾಟ ಇದೆ ಎಂದು ಅವಳಿಗೆ ಗೊತ್ತಾದದ್ದೇ ಆಗ. ಇಷ್ಟು ವರ್ಷ ನಿಂತು ಕೆಲಸ ಮಾಡಿದ ಜಾಗ ದಿನವಿಡೀ ಹೀಗೆ ಚೀರುತ್ತಲೇ ಇತ್ತು. ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಒಂದಾದ ಮೇಲೊಂದು ಸದ್ದು ಮಾಡಿ ತುಂಬಿದ್ದಳು. ಸಾಮಾನು ಸುಮ್ಮಸುಮ್ಮನೆ ಬಡಿಯುತ್ತಿರುವ ಸೊಸೆಯನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಆ ಮಾದರಿಗಳನ್ನು ಈಗ ತೆರೆದಳು. ನಲ್ಲಿಯ ಸದ್ದಿನ ಹಿಂದೆ ಅತ್ತೆ. ಪಾತ್ರೆಯ ಸದ್ದಿನ ಹಿಂದೆ ಅತ್ತೆ. ಬೀಗದ ಕೈಯ ಹಿಂದೆ ಅತ್ತೆ. ಲೈಟರಿನ ಟಿಕ್ಕಿಗೆ ಮಾತ್ರ ಬಿಟ್ಟಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಅಲ್ಲೂ, ಕೊನೆಯಲ್ಲಿ, ಲೊಚ್ ಲೊಚ್. ನೆಟ್ಟಗೆ ಮೇಲಿಂದ ಕೆಳಗೆ ಎಳೆದ ಎರಡೆರಡು ಗೀರು, ಸುರಂಗದ ಗೀರುಗಳ ಹಾಗೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು ಸಾಫ್ಟ್‌ವೇರ್. ನಾಲಿಗೆಯ ಜೋಡಿ ಟಕ್ಕು ಎಂದರೆ ಕಸ ಎಂದು ಅದು ಕಲಿತುಬಿಟ್ಟಿತ್ತು. ಅತ್ತೆಯನ್ನು ಕೇಳಿಸಿಕೊಳ್ಳದಿರುವುದು ಈ ಮನೆಯವರು ಅಭ್ಯಾಸದಿಂದ ಕಲಿತ ವಿದ್ಯೆ. ಸಾಫ್ಟ್‌ವೇರಿಗೂ ಅದನ್ನೇ ಹೇಳಿಕೊಟ್ಟಂತಾಯಿತು.

ಬೆರಳು ಅಳಿಸುವ ಗುಂಡಿಯ ಹತ್ತಿರವೇ ಇತ್ತು. ಒತ್ತಿದರೆ ರಾಶಿ ಇಲ್ಲವಾಗುತ್ತದೆ. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಕಿಟಕಿ ಪಕ್ಕದ ಮೇಜು ಉಳಿಯುತ್ತದೆ.

"ಚಹಾ ಇಡ್ತೀಯಾ, ಇಲ್ಲಾ ನಾನೇ ಏಳ್ಲಾ?" ಎಂದು ಒಳಗಿಂದ ಅತ್ತೆ ಕೇಳಿದರು. ಅವಳು ಎದ್ದು ಚಹಾ ಇಟ್ಟಳು. ಒಣಗಿದ ಬಟ್ಟೆ ತಂದು ಮಡಚಿದಳು. ಕೈ ಕೆಲಸದಲ್ಲಿದ್ದರೆ ಅವಳಿಗೆ ತಲೆ ಓಡುತ್ತದೆ. ಮನೆಯವರಿಗೂ ಅವಳು ಯೋಚಿಸುತ್ತಿದ್ದಾಳೆಂದು ಗೊತ್ತಾಗುವುದಿಲ್ಲ.

ಸಂಜೆ ಗಂಡ ಬಂದ ಮೇಲೆ ಅವನಿಗೆ ಹೇಳಿದಳು. ಅವನು ಕೇಳಿ ಮುಗಿಸಿ, "ಸುಮ್ನಿರು. ಬಾವಲಿ ಬಂದು ಸಾಕ್ಷಿ ಹೇಳುತ್ತಾ?" ಎಂದ.

"ಒಳಗೆ ಇರೋವಾಗಲೇ ಗೋಡೆ ಕಟ್ಟಿಬಿಡ್ತಾರೆ."

"ಹಾರಿ ಹೋಗ್ತಾವೆ ಬಿಡು. ರೆಕ್ಕೆ ಇಲ್ವಾ? ನಿನ್ನ ಮೇಜಿನ ಗತಿ ನೋಡ್ಕೋ. ಕೈಗೆ ಬಂದ ತುತ್ತು."

ಅಷ್ಟರಲ್ಲಿ ಮಗಳು ಅಜ್ಜಿಗೆ ವಿಷಯ ಮುಟ್ಟಿಸಿಯಾಗಿತ್ತು, ತನ್ನದಷ್ಟು ಉಪ್ಪುಖಾರ ಸೇರಿಸಿ. ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಸುರಂಗ ಮುಚ್ಚೋದಕ್ಕೆ ನಾನು ಕಾರಣವಂತೆ?"

"ಹಾಗಲ್ಲ ಅತ್ತೆ."

"ನಾನೆಲ್ಲಿ ಲೊಚಗುಟ್ಟುತೀನಿ? ಯಾವತ್ತಾದ್ರೂ ಲೊಚಗುಟ್ಟಿದೀನಾ?" ಎಂದು ಮಗನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೊಮ್ಮಗಳು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪಾತ್ರೆ ಉಜ್ಜುವ ಸದ್ದು, ಅದರ ಹಿಂದೆ ಅಜ್ಜಿ.

ಅತ್ತೆ ತಮ್ಮ ಸದ್ದನ್ನು ತಾವೇ ಕೇಳಿದ್ದು ಅದೇ ಮೊದಲಿರಬೇಕು. ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ನಮ್ಮತ್ತೆ ಮುಂದೆ ಬಾಯಿ ಬಿಡೋ ಹಾಗಿರ್ಲಿಲ್ಲ. ಬಾಯಿ ಮುಚ್ಚಿಕೊಂಡು ನಾಲಿಗೇಲಿ ಎಷ್ಟು ಮಾಡಬಹುದೋ ಅಷ್ಟು ಮಾಡ್ದೆ" ಎಂದರು. ಸೊಸೆಯ ಕಡೆ ತಿರುಗಿ, "ಹೇಳ್ಬಿಡು. ನನ್ನ ಹೆಸರು ಬೇಕಾದ್ರೂ ಹಾಕು. ಜೀವ ಇರೋದನ್ನ ಮುಚ್ಚೋದು ಬೇಡ" ಎಂದರು.

"ಅಮ್ಮಾ, ಅವಳು ಆಫೀಸಿಗೆ ಹೋದ್ರೆ ನಿನಗೇ ಕಷ್ಟ, ಹೋಗದಿದ್ರೆ ನಿನಗೇ ಒಳ್ಳೇದು. ಅದಕ್ಕೇ ತಾನೆ ಹೇಳು ಅಂತಿರೋದು?" ಎಂದು ಮಗ ಹಾಸ್ಯ ಮಾಡಿದ.

"ನಿನಗೆ ಒಳ್ಳೇದು" ಎಂದರು ತಾಯಿ. "ನನಗೆ ಒಂದು ತಟ್ಟೆ ಬಡಿಸಿಕೊಳ್ಳೋಕೆ ಕೈ ಇದೆ."

ಮರುದಿನ ಬೆಳಿಗ್ಗೆ ಗಂಡನೂ ಮಗಳೂ ಹೊರಬಿದ್ದ ಮೇಲೆ ಬಾವಲಿಯಕ್ಕ ಮುಖ್ಯಸ್ಥೆಗೆ ಫೋನ್ ಮಾಡಿದಳು. ಸುತ್ತಿ ಬಳಸಲಿಲ್ಲ. ವರದಿ ತಪ್ಪು, ಸುರಂಗದಲ್ಲಿ ಬಾವಲಿ ಇವೆ, ಗೋಡೆ ಕೆಲಸ ಇವತ್ತೇ ನಿಲ್ಲಿಸಬೇಕು ಎಂದಳು. ಕಾರಣವನ್ನೂ ಹೇಳಿದಳು.

ಮುಖ್ಯಸ್ಥೆ ಅದನ್ನು ಇನ್ನೊಂದು ಸಲ ಹೇಳಿಸಿದರು. ಆಮೇಲೆ, "ಅತ್ತೇನಾ?"

"ಹೌದು ಮೇಡಂ."

"ಇದನ್ನ ನಾನು ಮೇಲಿನವರಿಗೆ ಯಾವ ಬಾಯಲ್ಲಿ ಹೇಳ್ಲಿ? ಒಂದು ಕೆಲಸ ಮಾಡೋಣ. ಸಾಫ್ಟ್‌ವೇರ್ ದೋಷ ಅಂತ ಬರೀರಿ. ಯಾರೂ ಮುಂದೆ ಕೇಳಲ್ಲ. ನಿಮ್ಮ ಜಾಗಕ್ಕೂ ತೊಂದರೆ ಆಗಲ್ಲ."

ಅದು ಕೆಟ್ಟ ಸಲಹೆಯಾಗಿರಲಿಲ್ಲ. ಗೋಡೆಯೂ ನಿಲ್ಲುತ್ತದೆ, ಮೇಜೂ ಉಳಿಯುತ್ತದೆ. ಬಾವಲಿಯಕ್ಕ ಸಿಂಕಿನಲ್ಲಿ ನೆನೆಹಾಕಿದ್ದ ಪಾತ್ರೆಗಳನ್ನು ನೋಡಿದಳು.

"ಸಾಫ್ಟ್‌ವೇರ್ ಕಲಿಸಿದ್ದನ್ನ ಕಲಿತಿದೆ ಮೇಡಂ. ದೋಷ ಅಂತ ಬರೆದ್ರೆ ಹೊಸ ಸಾಫ್ಟ್‌ವೇರ್ ತರ್ತೀರಿ. ಅದಕ್ಕೂ ಗದ್ದಲ ಬೇಕು. ಮನೇಲೇ ಮಾಡ್ಕೊಳ್ಳಿ ಅಂತೀರಿ. ಇಲ್ಲಿ ಬೇರೆ ಏನು ಸಿಗುತ್ತೆ?"

"ಮತ್ತೆ ಏನಂತ ಬರೀತೀರಾ?"

"ಕೆಲಸ ಅಡುಗೆಮನೇಲಿ ನಡೀತು ಅಂತ."

"ನಗ್ತಾರೆ."

"ನಗ್ಲಿ ಮೇಡಂ."

"ಕಿಟಕಿ ಪಕ್ಕದ ಜಾಗ ನಾನು ಇನ್ನು ಕೇಳೋಕಾಗಲ್ಲ. ಅದಾದ್ರೂ ಗೊತ್ತಿರಲಿ."

ಗೊತ್ತಿದೆ ಎಂದಳು. ತಪ್ಪಿನ ವಿವರ, ಅಗುಳು ಹಿಚುಕದ ತನ್ನ ಪಾಲು, ಕೊನೆಯಲ್ಲಿ ಕಾರಣ: ಮಾದರಿಗಳನ್ನು ಸಂಗ್ರಹಿಸಿದ ಸ್ಥಳ ವಾಸದ ಮನೆಯ ಅಡುಗೆಮನೆ, ಅಲ್ಲಿ ಬೇರೆಯವರ ಓಡಾಟ ತಡೆಯಲು ಸಾಧ್ಯವಿಲ್ಲ. ಹೀಗೆ ಬರೆದು ಕಳಿಸಿ, ಎದ್ದು ಪಾತ್ರೆ ತೊಳೆದಳು.

ಗೋಡೆಯ ಕೆಲಸ ನಿಂತಿತು. ಡಬ್ಬಿ ಕಟ್ಟುವ ಹುಡುಗಿ ಕತ್ತಲಲ್ಲೂ ನೋಡುವ ಕ್ಯಾಮೆರಾ ಹಿಡಿದು ಸುರಂಗದ ಬಾಯಲ್ಲಿ ಕೂತಳು. ಹೊಗೆ ಎದ್ದ ಹಾಗೆ ಬಾವಲಿಗಳು ಹೊರಬಂದವೆಂದು ಹೇಳಿದಳು. ಮೇಲಿನವರು ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಅವರಿಂದ ಒಂದು ಪ್ರಶ್ನೆ ಮಾತ್ರ ಬಂತು: ಇನ್ನೂ ಎಷ್ಟು ಜನ ಅಡುಗೆಮನೆಯಲ್ಲಿ ಕೂತು ಈ ಕೆಲಸ ಮಾಡುತ್ತಿದ್ದಾರೆ? ಮುಖ್ಯಸ್ಥೆ ವಿಚಾರಿಸಿದರು. ಮನೆಯಿಂದ ಕೆಲಸ ಮಾಡುವ ಗಂಡಸರಿಗೆಲ್ಲ ಒಂದೊಂದು ಕೋಣೆಯಿತ್ತು. ಹೆಂಗಸರೆಲ್ಲ ಅಡುಗೆಮನೆಯಲ್ಲಿದ್ದರು. ಒಬ್ಬಳು ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಪಕ್ಕ.

ಕಿಟಕಿ ಪಕ್ಕದ ಜಾಗ ಹೊಸದಾಗಿ ಸೇರಿದ ಒಬ್ಬನಿಗೆ ಹೋಯಿತು. ಗದ್ದಲದ ರಾಶಿಯನ್ನು ಪೂರ್ತಿ ಮತ್ತೆ ಕೇಳಿ, ಸಾಫ್ಟ್‌ವೇರಿಗೆ ಹೊಸದಾಗಿ ಕಲಿಸುವವರೆಗೆ ಎಂದು ಬಾವಲಿಯಕ್ಕನಿಗೆ ಡಬ್ಬಿಗಳ ಬ್ಯಾಟರಿ ಇಡುವ ಕೋಣೆಯಲ್ಲಿ ಒಂದು ಮೇಜು ಕೊಟ್ಟರು. ಆಮೇಲೆ ನೋಡೋಣ ಎಂದರು. ಮುಖ್ಯಸ್ಥೆಯ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಕೋಣೆಗೆ ಕಿಟಕಿ ಇಲ್ಲ. ಬಾಗಿಲಿದೆ.

ಮನೆಯೇನೂ ಮುಳುಗಲಿಲ್ಲ, ಉದ್ಧಾರವೂ ಆಗಲಿಲ್ಲ. ಅತ್ತೆ ಮಧ್ಯಾಹ್ನ ತಾವೇ ಬಿಸಿ ಮಾಡಿಕೊಂಡು ಉಂಡರು. ಮಗಳು ತರಕಾರಿ ಹೆಚ್ಚುವಾಗ ಅಜ್ಜಿ ಮೊದಲ ಎರಡು ದಿನ ಬಾಯಿ ಬಿಗಿಹಿಡಿದು, ಮೂರನೆಯ ದಿನ, "ತುಂಡು ದಪ್ಪ ಆಯ್ತು" ಎಂದು ಬಾಯಿಬಿಟ್ಟೇ ಹೇಳಿದರು. ಗಂಡ ಹೆಲ್ಪ್ ಮಾಡಿದ. ಹೆಲ್ಪ್ ಮಾಡಿದ್ದನ್ನು ಸಂಜೆ ಒಂದೊಂದಾಗಿ ಹೇಳಿಯೂ ತೋರಿಸಿದ. ಅವಳು ಕೇಳಿಸಿಕೊಂಡು, "ನಾಳೆ ಒಲೆ ಕಟ್ಟೇನೂ ಒರೆಸು" ಎಂದಳು.

ಆಫೀಸಿನಲ್ಲಿ ಮೊದಲು ಮಾಡಬೇಕಾದದ್ದು ಗದ್ದಲದ ಹೊಸ ಮಾದರಿ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬೀಗದ ಕೈ ಗೊಂಚಲನ್ನು ಅದರ ಮುಂದೆ ಹಿಡಿದು ಅಲ್ಲಾಡಿಸತೊಡಗಿದಳು. ಬಾಗಿಲು ತೆರೆದು, ಕಿಟಕಿ ಪಕ್ಕದ ಹೊಸಬ ತಲೆ ಹಾಕಿದ. ಕೈಯಲ್ಲಿ ಒಂದಿಷ್ಟು ಕಾಗದಗಳಿದ್ದವು.

"ಮೇಡಂ, ಬಿಡುವಾಗಿದ್ದೀರಾ?"

"ಇಲ್ಲ" ಎಂದಳು.

ಅವನು "ಸಾರಿ" ಎಂದು ಬಾಗಿಲು ಮುಚ್ಚಿಕೊಂಡು ಹೋದ. ಬಾವಲಿಯಕ್ಕ ಮುಚ್ಚಿದ ಬಾಗಿಲನ್ನು ಒಂದು ಕ್ಷಣ ನೋಡಿದಳು. ಮಾದರಿಯಲ್ಲಿ ಅವನ ಮಾತೂ ಅವಳ ಮಾತೂ ಸೇರಿಹೋಗಿತ್ತು. ಅದನ್ನು ಅಳಿಸಿ, ಗೊಂಚಲು ಎತ್ತಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದಳು.